ಉಣ್ಣುವ ಕೈಯ ಕಡೆ

ಬಿಶ್ಕೆಕ್‌ನಿಂದ ಓಶ್‌ಗೆ ನಲವತ್ತೇ ನಿಮಿಷ.
ಕೊಟ್ಟ ಚಹಾ ಆರುವ ಮೊದಲೇ ಇಳಿಯುತ್ತದೆ ವಿಮಾನ.
ಆದರೂ ನನ್ನ ಕೌಂಟರಿನ ಮುಂದೆ ನಿಂತವರಿಗೆ
ಹೆಣ್ಣು ನೋಡಲು ಹೊರಟಷ್ಟು ಗೊಂದಲ:
ಎಡವೋ, ಬಲವೋ?

ಹನ್ನೊಂದು ವರ್ಷ ಇದೇ ಸ್ಟೂಲು, ಇದೇ ಕೆಮ್ಮುವ ಪ್ರಿಂಟರು.
ಗಾಜಿನಡಿ ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಚೀಟಿ:
ಬೆಳಗಿನ ಎಂಟರ ವಿಮಾನಕ್ಕೆ ಎಡದಲ್ಲಿ ಬಿಸಿಲು ಕಣ್ಣಿಗೇ.
ಒಂಬತ್ತರಿಂದ ಹದಿನಾರರ ತನಕ ರೆಕ್ಕೆಯೋ ರೆಕ್ಕೆ.
ಹನ್ನೊಂದರಲ್ಲಿ ಕಿಟಕಿಯ ಜಾಗದಲ್ಲಿ ಗೋಡೆ.
(ಅದು ಜಗಳಗಂಟರಿಗೆ. ಯಾರಿಗೂ ಹೇಳಬೇಡಿ.)

ಸೆಪ್ಟೆಂಬರಿನ ಒಂದು ಮುಂಜಾನೆ ಬಂದರು
ಕಚ್ಕಿನ್‌ಬಾಯ್, ಅವನ ಹೆಂಡತಿ ಬುರುಲ್.
ಮರಿಮಗನನ್ನು ತೊಟ್ಟಿಲಿಗೆ ಹಾಕುವ ಹಬ್ಬವಂತೆ ಓಶ್‌ನಲ್ಲಿ.
ವಿಮಾನ ಇದೇ ಮೊದಲು.
ಬಿಳಿ ಉಣ್ಣೆಯ ಟೋಪಿ ತೆಗೆಯೆನೆಂದು
ಬಾಗಿಲ ಪೊಲೀಸನೊಡನೆ ಕಾದಾಡಿ ಗೆದ್ದು ಬಂದಿದ್ದ ಮುದುಕ.

‘ಎಡಗಡೆ ಕೊಡು,’ ಎಂದ. ‘ಸೋನ್‌ಕೋಲ್ ಕೆರೆ ಕಾಣುತ್ತದೆ.
ಮೂವತ್ತು ಬೇಸಿಗೆ ಅಲ್ಲಿ ಕುದುರೆ ಕಾದವನು ನಾನು.’
‘ಬಿಸಿಲು ಬಡಿಯುತ್ತದೆ, ಅಜ್ಜ.’
‘ಅಲ್ಲಿಯೂ ಬಡಿಯುತ್ತಿತ್ತು.’

‘ನನಗೆ ಬಲಗಡೆ,’ ಎಂದಳು ಅವಳು.
ಬಲ ಯಾವುದೆಂದು ನನಗೇ ತೋರಿಸಿಕೊಟ್ಟಳು,
ಉಣ್ಣುವ ಕೈ ಎತ್ತಿ.
ಕಾರಣ ಹೇಳಿದವನು ಅವನು:
ಇವಳ ಊರು ಟೊಕ್ಟೊಗುಲ್ ಅಣೆಕಟ್ಟಿನ ಅಡಿಗೆ ಹೋಯಿತು,
ಮನೆ, ಸ್ಮಶಾನ, ಜಲ್ದರು ಮರ, ಎಲ್ಲ.
‘ಈಗ ನೋಡುವುದಕ್ಕೆ ಏನಿದೆ? ಬರೀ ನೀರು.’
‘ನಿನ್ನ ಕೆರೆಯಲ್ಲಿ ಇರುವುದೇನು, ಹಾಲೇ?’

ಹತ್ತೊಂಬತ್ತನೇ ಸಾಲು, ಈ ತುದಿ ಒಂದು, ಆ ತುದಿ ಒಂದು.
ಐವತ್ತೊಂದು ವರ್ಷದ ಸಂಸಾರದ ನಡುವೆ
ನಾಲ್ಕು ಜನ ಅಪರಿಚಿತರನ್ನು ಕೂರಿಸಿದೆ,
ನಡುವೊಂದು ದಾರಿಯನ್ನೂ ಬಿಟ್ಟು.

ವಾರದ ಮೇಲೆ ಅವಳು ಒಬ್ಬಳೇ
ನನ್ನನ್ನು ಹುಡುಕಿಕೊಂಡು ಮೇಲಿನ ಅಂತಸ್ತಿಗೆ ಬಂದಳು.
ಕರವಸ್ತ್ರದಲ್ಲಿ ಕಟ್ಟಿದ ಕುರುತ್,
ಬಿಸಿಲಿಗೆ ಒಣಗಿಸಿದ ಮೊಸರಿನ ಉಪ್ಪು ಗುಂಡುಗಳು.
ಮುದುಕ ಕೆಳಗೆ ಪೆಟ್ಟಿಗೆ ಕಾಯುತ್ತಿದ್ದನಂತೆ.

‘ಹೋಗುವಾಗ ಕಂಡಿತು ಮಗಳೇ.
ದೂರದಲ್ಲಿ, ಇಷ್ಟೇ ಇಷ್ಟು ನೀಲಿ.
ಗಾಜಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದೆ:
ಇಡೀ ಊರು ಮುಚ್ಚಿಹೋಯಿತು.
ತೆಗೆದೆ. ಮತ್ತೆ ಇಟ್ಟೆ.
ಅವನ ಕಡೆ ಪೂರಾ ಮೋಡ, ಪಾಪ.

ಬರುವಾಗಲೂ ಅದನ್ನೇ ಕೇಳಿದೆವು, ನನಗೆ ಬಲ, ಅವನಿಗೆ ಎಡ.
ಅಲ್ಲಿಯ ಹುಡುಗ ತಲೆ ಎತ್ತದೆ ಕೊಟ್ಟುಬಿಟ್ಟ.
ತಿರುಗಿದರೆ ಬಲ ಎಡವಾಗುತ್ತದೆಂದು
ನಮಗೆ ಯಾರು ಹೇಳಿಕೊಟ್ಟಿದ್ದರು?
ಕಿಟಕಿಯಲ್ಲಿ ನನ್ನ ನೀರು ಬರಲೇ ಇಲ್ಲ.
ಬಂದದ್ದು ಅವನ ಕೆರೆ.
ಮದುವೆಯಾದಂದಿನಿಂದ ಕೇಳಿ ಕೇಳಿ ಕಿವಿ ತೂತಾದ ಕೆರೆ.

ಚಿಕ್ಕದು ಮಗಳೇ.
ಅಷ್ಟು ಚಿಕ್ಕದೆಂದು ಅವನಿಗೆ ನಾನು ಹೇಳಿಲ್ಲ.’

‘ಅಜ್ಜನಿಗೇನು ಕಂಡಿತು?’ ಎಂದೆ.

ಕುರುತ್‌ನ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದಳು.
‘ನಾಲ್ಕು ತಲೆಗಳಾಚೆ ಕೂತಿದ್ದ, ನನಗೆ ಬೆನ್ನು ಮಾಡಿ.
ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ.’

ಅವಳು ಮೆಟ್ಟಿಲಿಳಿದು ಹೋದ ಮೇಲೆ ಒಂದು ಗುಂಡು ಬಾಯಿಗೆ ಹಾಕಿಕೊಂಡೆ.
ಕಲ್ಲು. ಉಪ್ಪು. ಬೇಗ ಕರಗುವ ವಸ್ತುವಲ್ಲ.
ಸಾಲಿನಲ್ಲಿ ಮುಂದಿನವನು, ಚರ್ಮದ ಚೀಲದ ವ್ಯಾಪಾರಿ, ಕೇಳುತ್ತಿದ್ದಾನೆ
ಯಾವ ಕಡೆ ಚೆನ್ನ ಎಂದು.
ದವಡೆಯಲ್ಲಿ ಕುರುತ್ ಇಟ್ಟುಕೊಂಡೇ ತೊದಲುತ್ತೇನೆ:
‘ಹೋಗುವಾಗಲೋ,
ಬರುವಾಗಲೋ?’
ಅವನು ಗಡಿಯಾರ ನೋಡಿಕೊಳ್ಳುತ್ತಾನೆ.